ಎರಡು ಪೆಟ್ಟಿಗೆ, ಒಂದೇ ನಂಬರು

ತಾ. 4-11-2007, ಆದಿತ್ಯವಾರ

ಹಸ್ನಾಳ ಉಪ್ಪನಿಗೆ ಸಾಲಿಹಾಳ ಸಲಾಂ.

ಕಾಗದದ ಮೊದಲಿಗೆ ನಾವೆಲ್ಲ ಕ್ಷೇಮ ಎಂದು ಬರೆಯುವುದು ಕ್ರಮ. ನಿಮ್ಮ ಉಮ್ಮ ಕ್ಷೇಮ, ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ. ಮಗಳು ಹಸ್ನಾ ಕ್ಷೇಮ, ಮುಂದಿನ ಎರಡು ಹಲ್ಲು ಬಿದ್ದಿವೆ. ನನ್ನ ಕ್ಷೇಮದ ವಿಷಯವನ್ನು ಪೂರ್ತಿ ಓದಿದ ಮೇಲೆ ನೀವೇ ತೀರ್ಮಾನಿಸಿ.

ಫೋನು ಇರುವಾಗ ಕಾಗದ ಯಾಕೆ ಎಂದು ಕೇಳುತ್ತೀರಿ. ಶುಕ್ರವಾರ ಸಂಜೆಯಿಂದ ನೀವು ನನ್ನ ಫೋನು ಎತ್ತುತ್ತಿಲ್ಲ. ಎತ್ತಿದರೂ ನಾನು ಎರಡು ಮಾತು ಆಡುವಷ್ಟರಲ್ಲಿ ನೀವು ಹತ್ತು ಆಡಿ ಮುಗಿಸುತ್ತೀರಿ. ಕಾಗದದ ನಡುವೆ ಬಾಯಿ ಹಾಕಲು ಆಗುವುದಿಲ್ಲ, ಅದೊಂದು ದೊಡ್ಡ ಅನುಕೂಲ. ಶುಕೂರ್ ಕಾಕ ನಾಳೆ ಶಾರ್ಜಾಕ್ಕೆ ಹೊರಡುತ್ತಾರೆ. ಇದನ್ನೂ ಒಂದು ಪೊಟ್ಟಣವನ್ನೂ ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಪೊಟ್ಟಣವನ್ನು ಕಾಗದ ಓದಿ ಮುಗಿಸಿದ ಮೇಲೆಯೇ ಬಿಚ್ಚಿ. ಮೊದಲೇ ಬಿಚ್ಚಿದರೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ನೀವು ಓದುವುದಿಲ್ಲ. ಮದುವೆಯಾಗಿ ಹತ್ತು ವರ್ಷದಲ್ಲಿ ನನಗೆ ಇಷ್ಟಾದರೂ ಗೊತ್ತಾಗಿದೆ.

ಮೊದಲು ನಿಮ್ಮ ಮಾತನ್ನೇ ಬರೆಯುತ್ತೇನೆ, ಆಮೇಲೆ ಹಾಗೆ ಹೇಳಿರಲಿಲ್ಲ ಎನ್ನಬೇಡಿ. ಅಕ್ಟೋಬರ್ ಇಪ್ಪತ್ತಾರರ ಶುಕ್ರವಾರ ನಾವು ಕಂಪ್ಯೂಟರಿನಲ್ಲಿ ಮುಖ ನೋಡಿ ಮಾತಾಡುವಾಗ ಕ್ಯಾಮೆರಾದ ಚಿತ್ರ ಮತ್ತೆ ನಡುವಿನಲ್ಲಿ ಹೋಯಿತು. ನೀವು ಉಮ್ಮನಿಗೆ ಫೋನು ಮಾಡಿ ಹೇಳಿದಿರಿ: "ನಾನು ಕೂರಿಸಿದ ಲೈನು ತಾನಾಗಿ ಕಡಿಯುವುದಿಲ್ಲ. ಕಡಿಯುವ ಕೈ ಬೇರೆ ಉಂಟು. ಬರುವ ಶುಕ್ರವಾರವೂ ಹೀಗೇ ಆದ್ರೆ ಅವಳು ಮೂಡುಬಿದಿರೆಗೆ ಹೋಗಿ ಕೂತ್ಕೊಳ್ಳಲಿ. ಮುಂದಿನದ್ದು ನಾನು ಊರಿಗೆ ಬಂದಾಗ ನೋಡುವ." ಉಮ್ಮ ಮಗನ ಈ ಮಾತನ್ನು ನನಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ. ಗೆರಸೆಯ ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ ಹೇಳಿದರು. ಹೆಂಡತಿಯನ್ನು ತವರಿಗೆ ಕಳಿಸಿದ ಗಂಡ ಮುಂದಿನದ್ದು ಆಮೇಲೆ ನೋಡುವ ಎಂದರೆ ಅರ್ಥವೇನೆಂದು ನಮ್ಮ ಕಡೆಯ ಯಾವ ಹೆಂಗಸಿಗೂ ಬಿಡಿಸಿ ಹೇಳಬೇಕಾಗಿಲ್ಲ.  ಒಂದು ವಾರದೊಳಗೆ ಒಂದು ವಯರಿನ ಗುಟ್ಟು ಕಂಡುಹಿಡಿಯದಿದ್ದರೆ ನಾನು ಸುಳ್ಳಿ ಎಂದು ಊರೇ ಒಪ್ಪಿಕೊಳ್ಳುವುದಿತ್ತು.

ಈಗ ನನ್ನ ತಪ್ಪು ಬರೆಯುತ್ತೇನೆ. ಅದನ್ನು ಮುಚ್ಚಿಟ್ಟು ನಿಮ್ಮದನ್ನು ಮಾತ್ರ ಬರೆದರೆ ಈ ಕಾಗದಕ್ಕೆ ಬೆಲೆ ಇರುವುದಿಲ್ಲ.

ನೀವು ರಜೆ ಮುಗಿಸಿ ಹೋದ ಮೇಲೆ ಜೂನ್ ತಿಂಗಳ ಐದು ಶುಕ್ರವಾರವೂ ನಾವು ಚೆನ್ನಾಗಿಯೇ ಮಾತಾಡಿದೆವು. ಇಲ್ಲಿ ನಾಲ್ಕು ಗಂಟೆಗೆ, ಅಲ್ಲಿ ಜುಮಾ ನಮಾಜು ಮುಗಿಸಿ ಊಟ ಮಾಡಿ ನೀವು ಕೂರುವ ಹೊತ್ತಿಗೆ, ಹಸ್ನಾ ತಲೆ ಬಾಚಿಸಿಕೊಂಡು ಕುರ್ಚಿ ಹತ್ತಿ ಕೂತಿರುತ್ತಿದ್ದಳು. ಜುಲೈ ಆರರ ಶುಕ್ರವಾರ ನಾನು ಏನೋ ತರಲು ಎದ್ದು ಹೋದೆ. ಕ್ಯಾಮೆರಾದಲ್ಲಿ ಹೊರಗಿನ ಬಾಗಿಲು ಕಂಡಿತು. ತಿರುಗಿ ಬಂದು ಕೂತಾಗ ನೀವು ಮಗಳ ಎದುರೇ ಕೇಳಿದಿರಿ: "ಮೆಟ್ಟಿಲಲ್ಲಿ ಗಂಡಸರ ಚಪ್ಪಲಿ ಉಂಟಲ್ಲ, ಯಾರದ್ದು?" ನಾನು ಉತ್ತರ ಕೊಡುವ ಮೊದಲೇ ಕ್ಯಾಮೆರಾ ಎತ್ತಿ ಬಾಗಿಲ ಕಡೆ ತಿರುಗಿಸು ಎಂದಿರಿ. ಆಮೇಲೆ ಒಳಕೋಣೆಯ ಕಡೆ ತಿರುಗಿಸು ಎಂದಿರಿ. ನಾನು ತಿರುಗಿಸಲಿಲ್ಲ. ನೆಟ್ ಬರುವ ಪೆಟ್ಟಿಗೆಯ ಹಿಂದಿನಿಂದ ವಯರು ಎಳೆದು ಹಾಕಿದೆ. ಆಮೇಲೆ ಫೋನಿನಲ್ಲಿ ನೀವು ಕೇಳಿದಾಗ, ನೆಟ್ ತಾನಾಗಿ ಹೋಯಿತು ಎಂದು ಸುಳ್ಳು ಹೇಳಿದೆ. ಆ ಚಪ್ಪಲಿ ಯಾರದ್ದೆಂದು ಒಂದು ಮಾತಿನಲ್ಲಿ ಹೇಳಬಹುದಿತ್ತು. ಅಷ್ಟು ಅವಮಾನವಾದ ಮೇಲೆ ಹೇಳಲು ಮನಸ್ಸು ಬರಲಿಲ್ಲ, ನೀವೂ ಆಮೇಲೆ ಆ ಮಾತನ್ನು ಬಾಯಲ್ಲಿ ಎತ್ತಲಿಲ್ಲ, ಹೊಟ್ಟೆಯಲ್ಲಿ ಇಟ್ಟುಕೊಂಡಿರಿ. ಅದನ್ನು ಇವತ್ತು ಹೇಳುತ್ತೇನೆ, ಆದರೆ ಕೊನೆಗೆ.

ವಯರು ಎಳೆದದ್ದು ಅದೊಂದೇ ಸಲ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಮುಂದಿನ ಶುಕ್ರವಾರದ ಹೊತ್ತಿಗೆ ನನ್ನ ಸಿಟ್ಟು ಇಳಿದಿತ್ತು. ಒಳ್ಳೆಯ ಸೀರೆಯನ್ನೇ ಉಟ್ಟು ಕೂತೆ. ನಾಲ್ಕು ಗಂಟೆಗೆ ನೀವು ಬಂದಿರಿ. ನಾಲ್ಕೂಕಾಲಿಗೆ ನಿಮ್ಮ ಬಾಯಿ ತೆರೆದ ಹಾಗೇ ಚಿತ್ರ ನಿಂತಿತು. "ಉಪ್ಪ ನಿಂತುಬಿಟ್ಟ," ಎಂದಳು ಹಸ್ನಾ. ಆಮೇಲೆ ಏನೂ ಇಲ್ಲ. ನಾನು ಮುಟ್ಟಿಯೂ ಇರಲಿಲ್ಲ. ಆದರೆ ಮೊದಲ ವಾರ ಹೇಳಿದ ಸುಳ್ಳನ್ನೇ ಎರಡನೇ ವಾರ ನಿಜವಾಗಿ ಹೇಳಬೇಕಾಗಿ ಬಂತು. ನನ್ನ ಕಿವಿಗೇ ಅದು ಸುಳ್ಳಿನ ಹಾಗೆ ಕೇಳಿತು.

ಅಲ್ಲಿಂದ ಹದಿನಾರು ಶುಕ್ರವಾರ ಹೀಗೇ ನಡೆಯಿತು. ನಡುವೆ ಎರಡು ವಾರ ಮಾತ್ರ ಕಡಿಯಲಿಲ್ಲ. "ನಿನಗೆ ಮನಸ್ಸಿದ್ದ ದಿನ ಬರ್ತದೆ ಅಲ್ವಾ?" ಎಂದಿರಿ ನೀವು. ಶನಿವಾರ ನೋಡಿದರೆ ನೆಟ್ ಸರಿ. ಸೋಮವಾರ ಸರಿ. ಬಿ.ಸಿ. ರೋಡಿನಿಂದ ರಿಪೇರಿಯ ವಸಂತ ಒಂದು ಮಂಗಳವಾರ ಬಂದರು. ಉಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ತೋರಿಸಿದೆ. "ಎಂತ ಅಕ್ಕ, ಎಲ್ಲ ಸರಿಯೇ ಉಂಟಲ್ಲ?" ಎಂದು ಚಾ ಕುಡಿದು ಹೋದರು. ಶುಕ್ರವಾರ ನಾಲ್ಕು ಗಂಟೆಗೆ ಬನ್ನಿ ಎಂದು ಪರಗಂಡಸನ್ನು ಕರೆಯುವುದು ಹೇಗೆ? ಆ ಹೊತ್ತಿಗೆ ಕ್ಯಾಮೆರಾದಲ್ಲಿ ನೀವು ಇರುತ್ತೀರಿ. ಒಂದು ಜೊತೆ ಚಪ್ಪಲಿಗೇ ಇಷ್ಟಾದ ಮೇಲೆ ಮನುಷ್ಯರೇ ಕಂಡರೆ ಏನು ಗತಿ!

ಪ್ರತಿ ಶುಕ್ರವಾರವೂ ಚಿತ್ರ ಹೋದ ಐದು ನಿಮಿಷಕ್ಕೆ ಸೌದಾ ಅತ್ತಿಗೆ ಆಚೆ ಮನೆಯಿಂದ ನಿಮಗೆ ಮಿಸ್ ಕಾಲ್ ಕೊಡುತ್ತಿದ್ದರು. ನೀವು ತಿರುಗಿ ಮಾಡಿದಾಗ, ಸಾಲಿಹಾ ಇವತ್ತೂ ಬಂದ್ ಮಾಡಿದಳು ಎನ್ನುತ್ತಿದ್ದರು. ಗೋಡೆಯ ಆಚೆಯಿಂದ ಅದು ಅವರಿಗೆ ಹೇಗೆ ಗೊತ್ತಾಗುತ್ತಿತ್ತು ಎಂದು ನೀವು ಒಮ್ಮೆಯಾದರೂ ಯೋಚಿಸಿದ್ದುಂಟಾ? ನಾನು ಯೋಚಿಸಿದೆ, ಆದರೆ ತಪ್ಪಾಗಿ ಯೋಚಿಸಿದೆ. ನಿಮ್ಮ ಅಕ್ಕನೇ ಅಲ್ಲಿ ಕೂತು ಏನೋ ಕಿತಾಪತಿ ಮಾಡುತ್ತಿದ್ದಾರೆ ಎಂದುಕೊಂಡೆ. ಎರಡು ತಿಂಗಳು ಅವರ ಜೊತೆ ಮಾತು ಬಿಟ್ಟೆ. ನಡುವಿನ ಗೇಟಿಗೆ ಒಳಗಿನಿಂದ ಚಿಲಕ ಹಾಕಿದ್ದೂ ನಾನೇ.

ಹೋದ ಬುಧವಾರ ಉಮ್ಮನಿಗೆ ಇನ್ನೊಂದು ಸುಳ್ಳು ಹೇಳಿದೆ. ಬೆಳ್ತಂಗಡಿಯಲ್ಲಿ ನಮ್ಮ ಸಂಬಂಧದ ಮೈಮೂನಮ್ಮನಿಗೆ ಹುಷಾರಿಲ್ಲ, ನೋಡಿ ಬರುತ್ತೇನೆ ಎಂದು ಬಸ್ಸು ಹತ್ತಿದೆ. ಮೈಮೂನಮ್ಮ ಗಟ್ಟಿಮುಟ್ಟಾಗಿದ್ದಾರೆ, ಅಲ್ಲಾಹು ಅವರಿಗೆ ಆಯುಸ್ಸು ಕೊಡಲಿ. ನಾನು ಹೋದದ್ದು ಭವ್ಯಶ್ರೀಯ ಹತ್ತಿರ. ನೆರಿಯ ಊರಿನವಳು, ಮೂಡುಬಿದಿರೆಯ ಕಾಲೇಜಿನಲ್ಲಿ ಮೂರು ವರ್ಷ ನನ್ನ ಬೆಂಚಿನಲ್ಲೇ ಕೂತವಳು, ನಮ್ಮ ಮದುವೆಗೆ ಬಂದು ನಿಮಗೆ ಪೆನ್ನು ಉಡುಗೊರೆ ಕೊಟ್ಟವಳು. ಈಗ ಬೆಳ್ತಂಗಡಿ ಬಸ್‌ಸ್ಟ್ಯಾಂಡಿನ ಹತ್ತಿರ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತಾಳೆ.

ನಾನು ಅಳುತ್ತಾ ಎಲ್ಲ ಹೇಳಿದೆ. ಅವಳು ಸಮಾಧಾನ ಮಾಡಲಿಲ್ಲ, ಒಂದು ಹಾಳೆ ಕೊಟ್ಟಳು. "ನೋಡು ಮಾರಾಯ್ತಿ, ನೆಟ್ ಹೋಯ್ತು ಅಂತ ಹೇಳಿದ್ರೆ ಯಾರಿಗೂ ಎಂತದೂ ಗೊತ್ತಾಗುವುದಿಲ್ಲ. ಹೋಗುವ ಮೊದಲು ಎಂತ ಇತ್ತು, ಹೋದ ಮೇಲೆ ಎಂತ ಉಂಟು, ಎರಡೂ ಬರಿ. ಹಾಳಾದ ಹೊತ್ತಿನಲ್ಲೇ ನೋಡ್ಬೇಕು, ಸರಿ ಇರುವಾಗ ನೋಡಿ ಪ್ರಯೋಜನ ಇಲ್ಲ." ಕಂಪ್ಯೂಟರಿನಲ್ಲಿ ಕಪ್ಪು ಕಿಟಕಿಯೊಂದನ್ನು ತೆರೆಯಲು ಕಲಿಸಿದಳು. ಅದರಲ್ಲಿ ಒಂದು ಶಬ್ದ ಬರೆದರೆ, ಕಂಪ್ಯೂಟರಿನ ಹಿಂದೆ ಎಷ್ಟು ವಯರಿನ ಬಾಯಿ ಇದೆ, ಯಾವ ಬಾಯಿಗೆ ಯಾವ ನಂಬರು, ಹೊರಗೆ ಹೋಗುವ ದಾರಿ ಯಾವುದು ಎಂದು ಪಟ್ಟಿ ಬರುತ್ತದೆ.

ನಿಮಗೆ ಇದೆಲ್ಲ ಗೊತ್ತಿರುವುದೇ. ಶಾರ್ಜಾದಲ್ಲಿ ಕಂಪ್ಯೂಟರ್ ಸಾಮಾನಿನ ಅಂಗಡಿಯಲ್ಲಿ ಏಳು ವರ್ಷದಿಂದ ಇದ್ದೀರಿ. ಆದರೂ ನಾನು ಬರೆಯುತ್ತೇನೆ, ಯಾಕೆಂದರೆ ಇದನ್ನು ಕೂರಿಸಿದವರು ನೀವು.

ಬುಧವಾರ ಸಂಜೆ ಮನೆಗೆ ಬಂದು ಪಟ್ಟಿ ತೆಗೆದೆ. ನಮ್ಮ ಕಂಪ್ಯೂಟರಿಗೆ ಎರಡು ಬಾಯಿ. ಮೇಲಿನದಕ್ಕೆ ಚಾವಡಿಯ ಬ್ರಾಡ್‌ಬ್ಯಾಂಡ್ ಪೆಟ್ಟಿಗೆಯ ವಯರು. ಕೆಳಗಿನದು ನೀವು ಹೊರಡುವ ಹಿಂದಿನ ದಿನ ಬೇರೆ ಕಾರ್ಡು ಹಾಕಿ ಕೂರಿಸಿದ್ದು. ಅದರ ವಯರು ಗೋಡೆಯ ತೂತಿನಿಂದ ಹೊರಟು ಕಾಂಪೌಂಡು ದಾಟಿ ಸೌದಾ ಅತ್ತಿಗೆಯ ಮನೆಯ ಪೆಟ್ಟಿಗೆಗೆ ಹೋಗುತ್ತದೆ, ಅವರಿಗೂ ನಮ್ಮ ನೆಟ್ ಸಿಗಲಿ ಎಂದು. ಬುಧವಾರ ಪಟ್ಟಿಯಲ್ಲಿ ಮೇಲಿನ ಬಾಯಿಗೆ ನಂಬರು ಇತ್ತು, ದಾರಿ 192.168.1.1 ಎಂದಿತ್ತು. ಕೆಳಗಿನದರ ಎದುರು ವಯರು ಸಿಕ್ಕಿಸಿಲ್ಲ ಎಂದಿತ್ತು. ಹೋಗಿ ನೋಡಿದರೆ ವಯರು ಗಟ್ಟಿಯಾಗಿಯೇ ಇದೆ. ಗುರುವಾರವೂ ಅದೇ. ಹಾಳೆಯಲ್ಲಿ ಬರೆದುಕೊಂಡೆ.

ಶುಕ್ರವಾರ ಬಂತು. ನನಗೆ ಎರಡೇ ದಾರಿ ಇತ್ತು. ಚಿತ್ರ ಇರುವಷ್ಟು ಹೊತ್ತು ನಿಮ್ಮ ಮುಖ ನೋಡಿ ಅಂಗಲಾಚಬಹುದಿತ್ತು. ಇಲ್ಲವೇ ಚಿತ್ರ ಹೋಗುವ ಹೊತ್ತಿಗಾಗಿ ಕಾದು, ಹೋದ ಕೂಡಲೇ ಪಟ್ಟಿ ತೆಗೆಯಬೇಕಿತ್ತು. ನೀವು ಕೊಟ್ಟ ಕೊನೆಯ ಶುಕ್ರವಾರವನ್ನು ನಾನು ಪಟ್ಟಿಗೆ ಕೊಟ್ಟೆ. ಅದಕ್ಕೇ ಆ ದಿನ ನಾನು ನಿಮ್ಮನ್ನು ನೋಡುತ್ತಿರಲಿಲ್ಲ. "ಎಲ್ಲಿ ನೋಡ್ತಿ, ಯಾರುಂಟು ಅಲ್ಲಿ?" ಎಂದು ನೀವು ಕೇಳಿದಿರಿ. ಯಾರೂ ಇರಲಿಲ್ಲ. ಗೋಡೆಯ ಗಡಿಯಾರ ಇತ್ತು.

ನಾಲ್ಕು ಹದಿನಾಲ್ಕಕ್ಕೆ ನೀವು ನಿಂತಿರಿ.  ಶಬ್ದ ಬರೆಯುವಾಗ ಎರಡು ಸಲ ಅಕ್ಷರ ತಪ್ಪಿತು. ಮೂರನೇ ಸಲ ಪಟ್ಟಿ ಬಂತು. ಮೇಲಿನ ಬಾಯಿಗೆ ದಾರಿ 192.168.1.1. ಎರಡು ದಿನ ಸತ್ತಂತೆ ಇದ್ದ ಕೆಳಗಿನ ಬಾಯಿ ಈಗ ಎದ್ದು ಕೂತಿತ್ತು. ಅದರ ದಾರಿಯೂ 192.168.1.1. ಎರಡೂ ಒಂದೇ, ಒಂದು ಚುಕ್ಕೆ ಕೂಡ ವ್ಯತ್ಯಾಸ ಇಲ್ಲ.

ಭವ್ಯಶ್ರೀ ಹೇಳಿದ್ದಳು: "ಹೋದಾಗ ಒಂದು ವಯರು ಕಿತ್ತು ನೋಡು. ಸರಿಯಾಗದಿದ್ರೆ ಅದನ್ನು ಹಾಕಿ ಇನ್ನೊಂದು ಕಿತ್ತು ನೋಡು." ನಾನು ಮೇಜಿನ ಅಡಿಗೆ ನುಗ್ಗಿ ಕೆಳಗಿನ ವಯರು ಎಳೆದೆ. ಎದ್ದು ಕೂರುವಷ್ಟರಲ್ಲಿ ಹಸ್ನಾ ಚಪ್ಪಾಳೆ ತಟ್ಟಿದಳು. ನೀವು ಬಂದಿದ್ದಿರಿ! ನಾಲ್ಕು ತಿಂಗಳಲ್ಲಿ ಮೊದಲ ಸಲ, ಹೋದ ಚಿತ್ರ ತಿರುಗಿ ಬಂದಿತ್ತು. ನನಗೆ ಕೂಗಿ ಹೇಳಬೇಕೆನಿಸಿತು. ಆದರೆ ನೀವು ನೋಡಿದ್ದು ನನ್ನ ಮುಖವನ್ನಲ್ಲ. "ಕೈಯಲ್ಲಿ ಎಂತ ಅದು?" ಎಂದಿರಿ. ವಯರು ಇನ್ನೂ ನನ್ನ ಕೈಯಲ್ಲೇ ಇತ್ತು. "ಕಡೆಗೂ ಕಣ್ಣಾರೆ ನೋಡಿದ ಹಾಗಾಯ್ತು," ಎಂದು ನೀವೇ ಬಂದ್ ಮಾಡಿ ಹೋದಿರಿ.

ನಾನು ನಿರಪರಾಧಿ ಎಂದು ತೋರಿಸಲು ಇದ್ದ ಒಂದೇ ಸಾಕ್ಷಿ ಆ ವಯರು. ಅದನ್ನು ಹಿಡಿದುಕೊಂಡೇ ಸಿಕ್ಕಿಬಿದ್ದೆ. ಹತ್ತು ನಿಮಿಷಕ್ಕೆ ಉಮ್ಮನಿಗೆ ನಿಮ್ಮ ಫೋನು ಬಂತು. ಫೋನು ಇಟ್ಟ ಕೂಡಲೇ ಉಮ್ಮ ಅಟ್ಟದಿಂದ ನನ್ನ ಸೂಟ್‌ಕೇಸು ಇಳಿಸಿ, ಧೂಳು ಒರೆಸಿ, ಮಂಚದ ಹತ್ತಿರ ಇಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಸೂಟ್‌ಕೇಸು ಮುಟ್ಟಲಿಲ್ಲ. ನಡುವಿನ ಗೇಟಿನ ಚಿಲಕ ತೆಗೆದು ನಿಮ್ಮ ಅಕ್ಕನ ಮನೆಗೆ ಹೋದೆ. ಜಗಳ ಮಾಡಲೆಂದೇ ಹೋದದ್ದು. ಬಾಗಿಲು ತೆರೆದೇ ಇತ್ತು. ಅವರು ನಾನು ಬಂದದ್ದನ್ನು ನೋಡಲಿಲ್ಲ. ಕಂಪ್ಯೂಟರಿನ ಎದುರು ಕೂತಿದ್ದರು. ಪೆರ್ನಾಳ್ ಹಬ್ಬಕ್ಕೆ ಉಟ್ಟ ನೀಲಿ ಸೀರೆ, ತಲೆಗೆ ಇಸ್ತ್ರಿ ಹಾಕಿದ ಬಿಳಿ ಬಟ್ಟೆ, ಕಣ್ಣಿಗೆ ಸುರುಮ. ಎದುರಿನ ಪರದೆಯಲ್ಲಿ ಏನೂ ಇಲ್ಲ, ಪುಟ ಸಿಗುತ್ತಿಲ್ಲ ಎಂಬ ಒಂದು ಸಾಲು. ಅದನ್ನೇ ನೋಡುತ್ತಾ ಕೂತಿದ್ದರು. ಪಕ್ಕದಲ್ಲಿ ನಿಮ್ಮ ಪೆಟ್ಟಿಗೆ ಹಸಿರು ದೀಪ ಹತ್ತಿಸಿಕೊಂಡು ಕೂತಿತ್ತು.

ನನಗೆ ಜಗಳ ಮರೆತುಹೋಯಿತು. ಯಾಕೆ ಹೀಗೆ ಕೂತಿದ್ದೀರಿ ಎಂದೆ. ಅವರಿಗೆ ನನ್ನನ್ನು ಕಂಡು ಸಿಟ್ಟು ಬಂತು. "ನಿನಗೆ ಮಾತ್ರವಾ ಅವನು? ನನಗೆ ತಮ್ಮ ಅಲ್ವಾ? ಪ್ರತಿ ಶುಕ್ರವಾರ ಇದನ್ನು ಹಾಕಿ ಕಾದು ಕೂತ್ಕೊಳ್ತೇನೆ. ನೀನು ಆಚೆಯಿಂದ ಬಂದ್ ಮಾಡ್ತಿ. ಜೂನಿನಿಂದ ಒಂದು ದಿನ ಅವನ ಮುಖ ನೋಡ್ಲಿಲ್ಲ ನಾನು," ಎಂದರು. ಹೇಳುತ್ತಾ ಹೇಳುತ್ತಾ ಸುರುಮ ಎಲ್ಲ ಕೆನ್ನೆಗೆ ಇಳಿಯಿತು.

ಅವರ ಕಂಪ್ಯೂಟರು ಬಂದದ್ದು ಜುಲೈ ಎರಡನೇ ವಾರ, ಅಂದರೆ ನಾನು ಸಿಟ್ಟಿನಲ್ಲಿ ವಯರು ಎಳೆದ ಮರುವಾರ. ಗುಡುಗು ಸಿಡಿಲಿಗೆ ಹೆದರಿ ಅವರು ಎಲ್ಲ ಸ್ವಿಚ್ಚನ್ನೂ ಆರಿಸಿಯೇ ಇಡುತ್ತಾರೆ. ಶುಕ್ರವಾರ ನಾಲ್ಕು ಗಂಟೆಯ ನಂತರ, ಅಸರ್ ನಮಾಜು ಮುಗಿಸಿ, ತಮ್ಮನನ್ನು ನೋಡಲೆಂದು ಪೆಟ್ಟಿಗೆ ಹಾಕುತ್ತಾರೆ. ಅದು ಎದ್ದ ಕೂಡಲೇ ನಮ್ಮ ಕಂಪ್ಯೂಟರಿಗೆ ದಾರಿ ಎರಡಾಗುತ್ತದೆ. ಕಡಿಯದೆ ಉಳಿದ ಆ ಎರಡು ಶುಕ್ರವಾರ ಅವರು ಪಾಣೆಮಂಗಳೂರಿಗೆ ಮದುವೆ ಮನೆಗೆ ಹೋಗಿದ್ದರು, ಕೇಳಿ ತಿಳಿದುಕೊಂಡೆ. ನಿಮ್ಮ ಮುಖ ನೋಡಬೇಕೆಂದು ಅವರು ಪೆಟ್ಟಿಗೆ ಹಾಕಿದರೆ ನನಗೆ ನಿಮ್ಮ ಮುಖ ಹೋಗುತ್ತಿತ್ತು. ಅವರಿಗಂತೂ ಮೊದಲೇ ಸಿಗುತ್ತಿರಲಿಲ್ಲ. ಒಬ್ಬರನ್ನೇ ನೋಡಲು ಕಾದು ಕೂತ ನಾವಿಬ್ಬರು ನಾಲ್ಕು ತಿಂಗಳು ಒಬ್ಬರನ್ನೊಬ್ಬರು ಶಪಿಸಿದೆವು.

ಸೌದಾ ಅತ್ತಿಗೆಯ ಫೋನಿನಿಂದಲೇ ಭವ್ಯಶ್ರೀಗೆ ಮಾಡಿದೆ. ಪಟ್ಟಿ ಓದಿ ಹೇಳಿದಾಗ ಅವಳು ಕೇಳಿದಳು: "ಎರಡು ಪೆಟ್ಟಿಗೆಯೂ ಒಂದೇ ಕಂಪೆನಿಯದ್ದಾ?" ಒಂದೇ ಕಂಪೆನಿ, ಒಂದೇ ಮಾದರಿ, ಒಂದೇ ಬಣ್ಣ ಎಂದೆ. "ಹಾಗಾದ್ರೆ ಹುಟ್ಟುವಾಗಲೇ ಎರಡಕ್ಕೂ ಒಂದೇ ನಂಬರು. ನಿಮ್ಮ ಊರು ನರಿಕೊಂಬಿನಲ್ಲಿ ಇಬ್ಬರು ಬೀಯಮ್ಮ ಇದ್ರೆ, ಬರೀ ಬೀಯಮ್ಮ ಅಂತ ಬರೆದು ಗಲ್ಫಿನಿಂದ ಪೊಟ್ಟಣ ಕಳಿಸಿದ್ರೆ, ಅದು ಯಾವ ಮನೆಗೆ ಹೋದೀತು? ಒಂದಕ್ಕೆ ನಂಬರು ಬದಲಿಸ್ಬೇಕಿತ್ತು. ಯಾರು ಮಾರಾಯ್ತಿ ಇದನ್ನು ಕೂರಿಸಿದ್ದು?" ಅತ್ತಿಗೆ ಪಕ್ಕದಲ್ಲಿದ್ದರು. ನಾನು ನಿಮ್ಮ ಹೆಸರು ಹೇಳಲಿಲ್ಲ, ಯಾರೋ ರಿಪೇರಿಯವರು ಎಂದೆ. ಅದು ನಿಮಗಾಗಿ ಹೇಳಿದ ಸುಳ್ಳು, ಲೆಕ್ಕಕ್ಕೆ ಇಡಬೇಡಿ.

ನೀವು ಮೊದಲಿನಿಂದಲೂ ಹಾಗೆಯೇ. ಊರಿಗೆ ಬರುವಾಗ ಎಲ್ಲವೂ ಎರಡೆರಡು. ಎರಡು ಕಂಬಳಿ, ಎರಡು ಇಸ್ತ್ರಿಪೆಟ್ಟಿಗೆ, ಎರಡು ಟಾರ್ಚು. ಒಂದು ಉಮ್ಮನ ಮನೆಗೆ, ಒಂದು ಅಕ್ಕನ ಮನೆಗೆ. ಒಂದು ವರ್ಷ ಫ್ಲಾಸ್ಕಿನ ಮುಚ್ಚಳದ ಬಣ್ಣ ಬೇರೆಯಾಯಿತೆಂದು ಅತ್ತಿಗೆ ಒಂದು ವಾರ ಈಚೆ ಬರಲಿಲ್ಲ. ಆಮೇಲೆ ನೀವು ಬಣ್ಣವನ್ನೂ ಅಳೆದು ತರುತ್ತೀರಿ. ಯಾರಿಗೂ ಹೆಚ್ಚುಕಡಿಮೆ ಮಾಡಬಾರದು ಎನ್ನುವುದು ನಿಮ್ಮ ಒಳ್ಳೆಯ ಗುಣ, ಅದರಲ್ಲಿ ನನಗೆ ಎರಡು ಮಾತಿಲ್ಲ. ಕಂಬಳಿಗೆ ಅದು ಸರಿ. ಈ ಪೆಟ್ಟಿಗೆಗಳಿಗೆ ಒಂದಾದರೂ ಬೇರೆಯಾಗಲೇಬೇಕಿತ್ತು. ಹೊರಡುವ ಗಡಿಬಿಡಿಯಲ್ಲಿ ನೀವು ದೀಪ ಹತ್ತಿತೋ ಎಂದು ಮಾತ್ರ ನೋಡಿ ವಿಮಾನಕ್ಕೆ ಹೋದಿರಿ. ಅಂದರೆ ಕಡಿಯುವ ಕೈ ಇದ್ದದ್ದು ನಿಜ. ಅದು ನಿಮ್ಮದಾಗಿತ್ತು.

ಶನಿವಾರ ಬೆಳಿಗ್ಗೆ ನಾವಿಬ್ಬರೇ ಸರಿ ಮಾಡಿದೆವು. ಭವ್ಯಶ್ರೀ ಫೋನಿನಲ್ಲಿ ಹೇಳುತ್ತಾ ಹೋದಳು, ಅತ್ತಿಗೆ ಫೋನು ಹಿಡಿದರು, ನಾನು ಒತ್ತಿದೆ. ಯಾರ ಪೆಟ್ಟಿಗೆಯ ನಂಬರಿನ ಕೊನೆಯ ಒಂದನ್ನು ಎರಡು ಮಾಡುವುದು ಎನ್ನುವಾಗ ನಿಮ್ಮ ಅಕ್ಕ, "ನನ್ನದು ಯಾಕೆ ಎರಡು ಆಗ್ಬೇಕು? ನಾನು ದೊಡ್ಡವಳು," ಎಂದರು! ಅಷ್ಟು ಅತ್ತ ಮೇಲೂ ಅದನ್ನು ಬಿಡಲಿಲ್ಲ ನೋಡಿ. ನಮ್ಮದನ್ನೇ ಎರಡು ಮಾಡಿದೆ. ಅವರ ಪೆಟ್ಟಿಗೆ ಇನ್ನು ಯಾರಿಗೂ ದಾರಿ ಹೇಳದಂತೆ ಮಾಡಿದೆ. ಉದ್ದದ ವಯರನ್ನು ಕಂಪ್ಯೂಟರಿನಿಂದ ತೆಗೆದು ನೇರವಾಗಿ ನಮ್ಮ ಪೆಟ್ಟಿಗೆಯ ಖಾಲಿ ತೂತಿಗೆ ಸಿಕ್ಕಿಸಿದೆ. ಎರಡನೇ ಕಾರ್ಡಿನ ಅಗತ್ಯವೇ ಇರಲಿಲ್ಲವಂತೆ. ಈಗ ಎರಡು ಮನೆಯಲ್ಲೂ ನೆಟ್ ಬರುತ್ತದೆ. ಎರಡನ್ನೂ ಹಾಕಿ, ಆರಿಸಿ, ಮತ್ತೆ ಹಾಕಿ ಮೂರು ಗಂಟೆ ಹೊತ್ತು ನೋಡಿದೆ. ಒಮ್ಮೆಯೂ ಕಡಿಯಲಿಲ್ಲ.

ಅತ್ತಿಗೆ ಆ ಕ್ಷಣವೇ ನಿಮಗೆ ಮಿಸ್ ಕಾಲ್ ಕೊಡಲು ಹೊರಟರು. ತಪ್ಪು ನನ್ನದೇ ಎಂದು ಹೇಳಿಬಿಡುತ್ತೇನೆ ಎಂದರು. ನಾನು ಅವರ ಕೈ ಹಿಡಿದು ತಡೆದೆ, ಈ ಕಾಗದ ಮುಟ್ಟುವವರೆಗೆ ಏನೂ ಹೇಳಬಾರದೆಂದು ಮಾತು ತೆಗೆದುಕೊಂಡೆ. ಅವರು ಹೇಳಿದರೆ ನೀವು ಅರ್ಧ ನಿಮಿಷದಲ್ಲಿ ನಂಬುತ್ತೀರಿ. ನಾಲ್ಕು ತಿಂಗಳು ನಾನು ಹೇಳಿದ್ದನ್ನು ನಂಬದೆ ಅವರು ಹೇಳಿದ್ದನ್ನು ಅರ್ಧ ನಿಮಿಷದಲ್ಲಿ ನಂಬಿದಿರಿ ಎಂದಾದರೆ, ನಾನು ಆಮೇಲೆ ಆ ಮನೆಯಲ್ಲಿ ಹೇಗೆ ಇರಲಿ? ಒಮ್ಮೆಯಾದರೂ ನನ್ನ ಬಾಯಿಂದ ಬಂದ ಮಾತನ್ನು ನೀವು ಮೊದಲು ಕೇಳಬೇಕು. ಅದಕ್ಕೇ ಇಷ್ಟು ಉದ್ದ ಬರೆದದ್ದು.

ಸರಿಯಾಗದಿದ್ದರೆ ಹೋಗಿ ಕೂತುಕೊಳ್ಳಲಿ ಎಂದಿರಿ. ಸರಿ ಮಾಡಿಟ್ಟೇ ಬಂದಿದ್ದೇನೆ. ಹೌದು, ಇದನ್ನು ನಾನು ಮೂಡುಬಿದಿರೆಯಲ್ಲಿ ಕೂತು ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ಸಿದ್ಧಕಟ್ಟೆಯ ಮೇಲೆ ಬರುವ ಬಸ್ಸಿನಲ್ಲಿ ಹಸ್ನಾಳನ್ನು ಕರೆದುಕೊಂಡು ಬಂದೆ. ಉಮ್ಮ ಹೋಗಬೇಡ ಎಂದರು, ಸೌದಾ ಅತ್ತಿಗೆ ಬಸ್‌ಸ್ಟ್ಯಾಂಡಿನವರೆಗೂ ಸೂಟ್‌ಕೇಸು ಹಿಡಿದು ಎಳೆದರು. ಅವರಿಬ್ಬರ ಮೇಲೂ ನನಗೆ ಬೇಜಾರಿಲ್ಲ. ನೀವು ಕಳಿಸಿದ್ದಕ್ಕೆ ಬಂದದ್ದೂ ಅಲ್ಲ. ಕಳಿಸಲು ನಿಮಗೆ ಇದ್ದ ಕಾರಣವನ್ನು ಮುಗಿಸಿ, ನನ್ನ ಕಾರಣಕ್ಕೆ ಬಂದಿದ್ದೇನೆ. ಶುಕೂರ್ ಕಾಕ ಈ ಊರಿನಲ್ಲಿರುವ ತಮ್ಮ ಮಗಳನ್ನು ನೋಡಲು ಸಂಜೆ ಇಲ್ಲಿಗೆ ಬರುತ್ತಾರೆ, ಆಗ ಇದನ್ನು ಕೊಡುತ್ತೇನೆ.

ಬರುವ ಶುಕ್ರವಾರ ನಾಲ್ಕು ಗಂಟೆಗೆ ಕೂತು ನೋಡಿ. ಒಂದು ಕಿಟಕಿಯಲ್ಲಿ ಉಮ್ಮ ಕಾಣುತ್ತಾರೆ, ಇನ್ನೊಂದರಲ್ಲಿ ನಿಮ್ಮ ಅಕ್ಕ. ಚಿತ್ರ ಎಲ್ಲಿಯೂ ನಿಲ್ಲುವುದಿಲ್ಲ. ಅದರಲ್ಲಿ ನಾನು ಇರುವುದಿಲ್ಲ, ಅದಕ್ಕೆ ಲೈನಿನ ತೊಂದರೆ ಎಂದುಕೊಳ್ಳಬೇಡಿ. ನನ್ನ ತವರಿನಲ್ಲಿ ಕಂಪ್ಯೂಟರ್ ಇಲ್ಲ. ನನ್ನನ್ನು ನೋಡಬೇಕೆಂದಿದ್ದರೆ ಇಲ್ಲಿಯ ಮೆಟ್ಟಿಲು ಹತ್ತಿ ಬರಬೇಕು.

ನಿಮ್ಮ ಮೇಲೆ ಸಿಟ್ಟು ಪೂರ್ತಿ ಇಳಿಯದ, ಆದರೂ ನಿಮ್ಮವಳೇ ಆದ,
ಸಾಲಿಹಾ

ಇನ್ನೊಂದು ಮಾತು: ಈಗ ಪೊಟ್ಟಣ ಬಿಚ್ಚಿ. ಚಪ್ಪಲಿ ಕಳಿಸಿದಳು ಎಂದು ರೇಗಬೇಡಿ. ಜುಲೈ ಆರರಂದು ಮೆಟ್ಟಿಲಲ್ಲಿ ನೀವು ಕಂಡದ್ದು ಇದನ್ನೇ. ಮೇ ತಿಂಗಳಲ್ಲಿ ಬಿ.ಸಿ. ರೋಡಿನಲ್ಲಿ ನೀವೇ ಆರಿಸಿ, ಎರಡು ಸಲ ಹಾಕಿ ಬಿಟ್ಟು ಹೋದದ್ದು. ಹೆಂಗಸರೇ ಇರುವ ಮನೆ ಎಂದು ದಾರಿಯಲ್ಲಿ ಹೋಗುವವರಿಗೆ ಗೊತ್ತಾಗಬಾರದೆಂದು ಉಮ್ಮ ದಿನಾ ಬೆಳಿಗ್ಗೆ ಧೂಳು ಒರೆಸಿ ಮೆಟ್ಟಿಲ ಮೇಲೆ ಇಡುತ್ತಾರೆ, ಸಂಜೆ ಮಗ್ರಿಬ್ ನಮಾಜು ಆದ ಮೇಲೆ ಒಳಗೆ ತರುತ್ತಾರೆ. ಅಲ್ಲಿ ಈಗ ಸೌದಾ ಅತ್ತಿಗೆಯ ಗಂಡನ ಹಳೆಯ ಜೋಡಿ ಇಟ್ಟು ಬಂದಿದ್ದೇನೆ. ಹಾಕಿ ನೋಡಿ, ನಿಮ್ಮ ಕಾಲಿನದ್ದೇ ಅಳತೆ. ಬಲಗಾಲಿನದ್ದು ಮಾತ್ರ ಕಳಿಸಿದ್ದೇನೆ. ಎಡಗಾಲಿನದ್ದು ಇಲ್ಲಿ ನನ್ನ ಹತ್ತಿರ ಇದೆ.